ಚಪ್ಪಟೆಯಾದ ಚುಕ್ಕೆಗಳು

ದೊರ್ಸಾಫ್‌ಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಸ್ಫಾಕ್ಸ್ ನಗರದ ಹೈಸ್ಕೂಲಿನಲ್ಲಿ ಪಕ್ಕ ಕೂರುತ್ತಿದ್ದ ಎಮ್ನಾ ಅವಳಿಗೆ ಪಾಠಗಳನ್ನು ಪಿಸುದನಿಯಲ್ಲಿ ಓದಿ ಹೇಳುತ್ತಿದ್ದಳು. ಎಮ್ನಾಳ ಪ್ರಬಂಧಗಳನ್ನು ದೊರ್ಸಾಫ್ ಬಾಯಲ್ಲಿ ಹೇಳಿ ಬರೆಸುತ್ತಿದ್ದಳು. ಮುಂದೆ ದೊರ್ಸಾಫ್ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆದಳು, ಎಮ್ನಾ ಬಡಾವಣೆಯ ಗ್ರಂಥಾಲಯದ ಮುಖ್ಯಸ್ಥೆಯಾದಳು. ಆದರೂ ನಂಟು ಸಡಿಲವಾಗಲಿಲ್ಲ. ಪ್ರತಿ ಈದ್‌ಗೂ ಎಮ್ನಾಳ ಮನೆಯಿಂದ ಉಪ್ಪುಮೀನು, ಶರ್ಮೂಲಾ ಗೊಜ್ಜು ತಪ್ಪದೆ ಬರುತ್ತಿತ್ತು.

"ಲೈಬ್ರರಿಲಿ ಎಲ್ಲಾರಿಗೂ ಅಂತ ಒಂದು ಕೋಣೆ ಮಾಡ್ತಿದೀನಿ ಕಣೇ," ಎಂದಳು ಎಮ್ನಾ ಒಂದು ದಿನ. "ಗಾಲಿಕುರ್ಚಿ ಬರೋಕೆ ಇಳಿಜಾರು, ನಿಮಗೆ ಬ್ರೈಲ್ ಕಪಾಟು. ಪುಸ್ತಕ ಮಾತ್ರ ನೀನೇ ಹೊಂದಿಸ್ಕೊಡ್ಬೇಕು."

ದೊರ್ಸಾಫ್ ಹಿಂದೆ ಮುಂದೆ ನೋಡದೆ ಅಂಧರ ಸಂಘದವರ ಮನೆಮನೆಗೆ ಅಲೆದಳು. ಎಲ್ಲರಿಗಿಂತ ಹೆಚ್ಚು ಹಿಂಜರಿದವರು ಮೊಂಜಿ ಮೇಷ್ಟ್ರು. ಅಂಧರ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅವರಿಗೂ ಕಣ್ಣಿಲ್ಲ. ಅವರ ಪುಸ್ತಕಗಳೆಲ್ಲ ದಪ್ಪ ಕಾಗದಕ್ಕೆ ಮೊನೆಗಡ್ಡಿಯಿಂದ ಬೆರಳಲ್ಲಿ ಓದುವ ಬ್ರೈಲ್ ಚುಕ್ಕೆಗಳನ್ನು ಒಂದೊಂದಾಗಿ ಚುಚ್ಚಿ ಅವರೇ ಮಾಡಿಕೊಂಡವು.

"ಸರ್ಕಾರದೋರ ಕೈಗೆ ಕೊಟ್ರೆ ಏನು ಗತಿಯೋ, ಮಗಳೇ."

"ಸರ್ಕಾರಕ್ಕಲ್ಲ ಮೇಷ್ಟ್ರೇ, ಎಮ್ನಾಗೆ. ಅವಳು ನಮ್ಮವಳು."

ಉದ್ಘಾಟನೆಯಲ್ಲಿ ಭಾಷಣಗಳಾದವು, ಬಾದಾಮಿ ಶರಬತ್ತು ಹಂಚಿದರು. ಎಮ್ನಾ ದೊರ್ಸಾಫ್‌ಳ ಕೈ ಹಿಡಿದು ಕಪಾಟಿನ ಮೇಲಿಟ್ಟಾಗ ಸುತ್ತಲೂ ಕ್ಯಾಮೆರಾಗಳ ಸದ್ದಾಯಿತು. ದೊರ್ಸಾಫ್ ಸಾಲಾಗಿ ನಿಂತ ಪುಸ್ತಕಗಳನ್ನು ಬೆರಳಲ್ಲೇ ಎಣಿಸಿದಳು.

ಅಷ್ಟರಲ್ಲಿ ರಂಜಾನ್ ಬಂತು, ಉಪವಾಸದ ತಿಂಗಳಲ್ಲಿ ಸಂಘದವರು ಯಾರೂ ಆ ಕಡೆ ಹೋಗಲಿಲ್ಲ. ಹಬ್ಬ ಕಳೆದ ಮೇಲೆ ದೊರ್ಸಾಫ್ ಮತ್ತು ಮೇಷ್ಟ್ರು ತೋಳಿಗೆ ತೋಳು ಕೊಟ್ಟುಕೊಂಡು ಗ್ರಂಥಾಲಯಕ್ಕೆ ಹೋದರು. ಇಳಿಜಾರಿನ ತುಂಬ ಮೋಟರ್‌ಸೈಕಲ್ಲುಗಳು. ಮೇಷ್ಟ್ರ ಮೊಣಕಾಲಿಗೆ ಒಂದು ಬಡಿಯಿತು. ಕೋಣೆಯ ಒಳಗಿನಿಂದ ಗಂಡಸರ ನಗು, ಕಾಫಿಯ ವಾಸನೆ ಬರುತ್ತಿತ್ತು.

"ಅದೀಗ ಉತ್ಸವ ಸಮಿತಿಯೋರ ಆಫೀಸು," ಎಂದ ಕಾವಲುಗಾರ. "ನಿಮ್ಮ ಪುಸ್ತಕ ನೆಲಮಾಳಿಗೇಲಿವೆ. ಹುಷಾರು, ಮೆಟ್ಲು ಜಾರುತ್ತೆ."

ಕೆಳಗೆ ತೇವದ ಮುಗ್ಗಲು ವಾಸನೆ. ನೆಟ್ಟಗೆ ನಿಲ್ಲಿಸಬೇಕಾದ ಪುಸ್ತಕಗಳನ್ನು ಅಡ್ಡಡ್ಡ ಒಟ್ಟಿ, ಮೇಲೆ ಹಳೇ ಪತ್ರಿಕೆಗಳ ಕಟ್ಟು ಹೇರಿದ್ದರು. ಮೇಷ್ಟ್ರು ಒಂದನ್ನು ಎಳೆದು ಬಿಚ್ಚಿದರು. ಬೆರಳು ಸಾಲಿನುದ್ದಕ್ಕೂ ಹೋಯಿತು, ಮತ್ತೆ ಮೊದಲಿಗೆ ಬಂತು. ಒದ್ದೆ ಕಾಗದದಲ್ಲಿ ಚುಕ್ಕೆಗಳೆಲ್ಲ ಚಪ್ಪಟೆಯಾಗಿದ್ದವು.

"ಇದು ನಾನು ಬರೆದಿದ್ದೇನಾ?" ಎಂದರು ಅವರು.

ದೊರ್ಸಾಫ್ ಗೋಡೆ ಹಿಡಿದುಕೊಂಡು ಮೆಟ್ಟಿಲೇರಿ ಎಮ್ನಾಳ ಕೋಣೆಗೆ ನುಗ್ಗಿದಳು.

"ಯಾರೂ ಬರ್ಲಿಲ್ಲ ಕಣೇ," ಎಂದಳು ಎಮ್ನಾ. "ಖಾಲಿ ಇಟ್ಕೊಂಡಿದೀಯಲ್ಲ ಅಂತ ಮೇಲಿನೋರು ದಿನಾ ತಲೆ ತಿಂತಿದ್ರು. ನಾನೇನ್ ಮಾಡ್ಲಿ?"

"ನಂಗೊಂದು ಫೋನ್ ಮಾಡ್ಬೋದಿತ್ತು. ದಿನವಿಡೀ ಫೋನ್ ಮುಂದೇನೇ ಕೂತಿರ್ತೀನಿ. ಹಬ್ಬಕ್ಕೆ ಮೀನು ಕಳಿಸಿದ್ಯಲ್ಲ, ಆಗ ಹೇಳೋಕೆ ಬಾಯಿರ್ಲಿಲ್ವಾ?"

ಎಮ್ನಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಅಷ್ಟು ವರ್ಷ ನಿಂಗೆ ಓದಿ ಹೇಳಿದ್ದು ಲೆಕ್ಕಕ್ಕೇ ಇಲ್ವಾ? ಮಾಡಿದ ಉಪಕಾರಕ್ಕೆ ಇದಾ ಮರ್ಯಾದೆ?"

ಉಪಕಾರ. ಆ ಬೆಂಚು, ಆ ಪಿಸುಮಾತು, ಪ್ರಬಂಧಕ್ಕೆ ಬಹುಮಾನ ಬಂದಾಗ ಇಬ್ಬರೂ ನಕ್ಕ ನಗು, ಎಲ್ಲವೂ ಇವಳ ಪಾಲಿಗೆ ಧರ್ಮಕಾರ್ಯವಾಗಿತ್ತೇ?

"ನಾವು ಗೆಳತೀರು ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ ದೊರ್ಸಾಫ್ ಹೊರಬಿದ್ದಳು.

ಸಂಘದವರು ಮರುದಿನವೇ ಗಾಡಿ ತಂದು ಪುಸ್ತಕಗಳನ್ನು ಮೇಷ್ಟ್ರ ಮನೆಗೆ ಸಾಗಿಸಿದರು. ಬಿಸಿಲಿಗೆ ಒಣಗಿಸಿದರೂ ಬಹುಪಾಲು ಉಳಿಯಲಿಲ್ಲ. ಮೇಲಧಿಕಾರಿಗಳಿಗೆ ದೂರು ಹೋಯಿತು. ಗಾಲಿಕುರ್ಚಿಯವರು, ಕಿವುಡರು ಎಲ್ಲ ಸೇರಿ ಗ್ರಂಥಾಲಯದ ಬಾಗಿಲಲ್ಲೇ ಧರಣಿ ಕೂತರು. ಕೊನೆಗೆ ಚಳಿಗಾಲದಲ್ಲಿ ಸಮಿತಿಯವರು ಜಾಗ ಖಾಲಿ ಮಾಡಿದರು, ಕೋಣೆ ಮತ್ತೆ ತೆರೆಯಿತು.

ದೊರ್ಸಾಫ್ ಹೋಗಲಿಲ್ಲ. ಮೇಷ್ಟ್ರು ಹೋಗಿಬಂದು ಅಲ್ಲಿಂದ ತಂದ ಒಂದು ಹೊಸ ಬ್ರೈಲ್ ಪುಸ್ತಕವನ್ನು ಅವಳ ಮಡಿಲಲ್ಲಿ ಇಟ್ಟರು.

"ಎಮ್ನಾನೇ ಬಾಗಿಲವರೆಗೂ ಬಂದು ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ಳು. ನಿನ್ನ ಕೇಳಿದ್ಳು, ಮಗಳೇ."

"ಕೇಳ್ಲಿ ಬಿಡಿ," ಎಂದಳು ದೊರ್ಸಾಫ್. ಪುಸ್ತಕವನ್ನು ಬಿಚ್ಚಿದಳು. ಚುಕ್ಕೆಗಳು ಬೆರಳಿಗೆ ಚುಚ್ಚುವಷ್ಟು ಹೊಸವಾಗಿದ್ದವು. ಆದರೆ ಓದಿದ್ದೊಂದೂ ಅಂದು ಅವಳ ತಲೆಗೆ ಹತ್ತಲಿಲ್ಲ.