ಮೂರನೇ ಮೊಳೆಯ ತಗಡು

ಸಂತೆಕಟ್ಟೆಯ ನನ್ನ ವರ್ಕ್‌ಶಾಪಿನ ಗೋಡೆಯಲ್ಲಿ ಹಿಂದೆ ಸಾಲಾಗಿ ಹನ್ನೊಂದು ಮೊಳೆಗಳಿದ್ದವು. ಒಂದೊಂದರಲ್ಲೂ ಲಿಗೋರಿ ಕತ್ತರಿಸಿಟ್ಟ ಮಾದರಿ ತಗಡುಗಳು ತೂಗುತ್ತಿದ್ದವು. ಇಪ್ಪತ್ತೆಂಟು ವರ್ಷ ನನ್ನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಕಾಪುವಿನ ಮನೆಯಲ್ಲಿ ಕುಳಿತವರು ಅವರು. ಹೋಗುವ ದಿನ ಹೇಳಿದ್ದು ಒಂದೇ ಮಾತು: "ಗೋಡೆಯದ್ದು ಹಾಗೇ ಇರಲಿ."

ಮರುವರ್ಷ ಕಂಪ್ಯೂಟರ್ ತಂದೆ. ಮಣಿಪಾಲದಲ್ಲಿ ಡಿಪ್ಲೊಮಾ ಮುಗಿಸಿದ ಅನ್ವಿತಾಳನ್ನು ಕೆಲಸಕ್ಕೆ ತೆಗೆದುಕೊಂಡೆ. ಅವಳು ಬರುವ ಮೊದಲು ಮೊಳೆಗಳನ್ನು ಕೀಳಿಸಿ ಗೋಡೆಗೆ ಬಣ್ಣ ಹೊಡೆಸಿ, ತಗಡುಗಳನ್ನೆಲ್ಲ ಗುಜರಿಯವನ ಟೆಂಪೋಗೆ ಹಾಕಿದೆ. ತುಕ್ಕು ಹಿಡಿದದ್ದು ಇನ್ನು ಯಾರಿಗೆ ಬೇಕು ಎಂದುಕೊಂಡೆ.

ಕೊಯ್ಲಿಗೆ ಮೊದಲು ಕಾರ್ಕಳದ ಅಕ್ಕಿ ಗಿರಣಿಯಿಂದ ಒಂದು ಕೆಲಸ ಬಂತು. ತಿರುಗುವ ಪೈಪಿನ ಸುತ್ತ ತಗಡಿನ ಸುರುಳಿ, ಅಕ್ಕಿಯನ್ನು ಮುಂದಕ್ಕೆ ತಳ್ಳುವಂಥದ್ದು. ಅನ್ವಿತಾ ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಸುರುಳಿ ಎಬ್ಬಿಸಿ ತಿರುಗಿಸಿ ತೋರಿಸಿದಳು. ಕತ್ತರಿಸಲು ಅದನ್ನು ಚಪ್ಪಟೆ ಮಾಡು ಎಂದರೆ ಮಾತ್ರ ಕಂಪ್ಯೂಟರ್ ಒಪ್ಪಲಿಲ್ಲ.

"ಇದು ಮಡಚಿ ಮಾಡುವುದಲ್ಲ ಸರ್, ಎಳೆದು ಮಾಡುವುದು. ಎಳೆದಾಗ ತಗಡು ಹಿಗ್ಗುತ್ತದೆ. ಎಷ್ಟು ಅಂತ ಇದಕ್ಕೆ ಗೊತ್ತಾಗುವುದಿಲ್ಲ."

ಪೈಪಿನಷ್ಟೇ ತೂತು ಇಟ್ಟು ಬಳೆಯ ಹಾಗೆ ಕತ್ತರಿಸಿ, ಒಂದು ಕಡೆ ಸೀಳಿ ಎಳೆದೆವು. ಅರ್ಧಕ್ಕೆ ಬರುವಾಗ ಅದು ಪೈಪನ್ನು ಕಚ್ಚಿ ಹಿಡಿಯಿತು. ಎರಡು ಶೀಟ್ ಹಾಳಾಯಿತು. "ಮೊದಲು ಇದನ್ನು ಯಾರು ಮಾಡುತ್ತಿದ್ದರು ಸರ್?" ಎಂದು ಅವಳು ಕೇಳಿದಳು. ಕಾಪುವಿಗೆ ಕರೆದುಕೊಂಡು ಹೋಗದೆ ಬೇರೆ ದಾರಿ ಇರಲಿಲ್ಲ.

"ಓಹೋ, ಸರ್ವೋತ್ತಮಣ್ಣ! ನಾನು ಇದ್ದೇನಾ ಹೋದೆನಾ ಅಂತ ನೋಡಲಿಕ್ಕೆ ಬಂದದ್ದಾ?" ಲಿಗೋರಿ ಜಗಲಿಯಿಂದಲೇ ನಕ್ಕರು. "ಒಲಿಂಡಾ, ಚಹಾ ಇಡು" ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.

ಅನ್ವಿತಾ ಹೇಳಿದ್ದನ್ನು ಕೇಳಿ ಅವರ ಮುಖ ಅರಳಿತು. "ಪೈಪಿನಷ್ಟೇ ತೂತು ಇಟ್ಟರೆ ಕಚ್ಚದೆ ಎಂತ ಮಾಡ್ತದೆ? ದೊಡ್ಡದು ಇಡಬೇಕು. ಎಳೆದಾಗ ಅದೇ ಸಣ್ಣ ಆಗ್ತದೆ."

"ಎಷ್ಟು ದೊಡ್ಡದು ಅಂಕಲ್?"

"ಅದು ನನ್ನ ಬಾಯಲ್ಲಿಲ್ಲ ಮಗಾ, ತಗಡಿನಲ್ಲಿ ಉಂಟು. ಎಷ್ಟೋ ಸಲ ಹಾಳು ಮಾಡಿ, ಕಡೆಗೆ ಸರಿಯಾದದ್ದನ್ನು ತೂಗಿಸಿದ್ದು. ಮೂರನೇ ಮೊಳೆ. ಶೀಟಿನ ಮೇಲೆ ಇಟ್ಟು ಗೆರೆ ಎಳೆ, ಮುಗಿಯಿತು."

ನಾನು ಚಹಾದ ಲೋಟವನ್ನೇ ನೋಡುತ್ತಿದ್ದೆ.

"ಯಾವ ಮೊಳೆ ಅಂಕಲ್?" ಎಂದಳು ಅನ್ವಿತಾ. "ನಮ್ಮ ಗೋಡೆಯಲ್ಲಿ ಮೊಳೆಯೇ ಇಲ್ಲವಲ್ಲ."

ಲಿಗೋರಿ ನನ್ನ ಕಡೆ ತಿರುಗಿದರು.

"ಗುಜರಿಗೆ ಹೋಯಿತು, ಲಿಗೋರಿ ಪೊರ್ಬುಗಳೇ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮೊಣಕಾಲನ್ನು ನಿಧಾನಕ್ಕೆ ತಿಕ್ಕಿಕೊಂಡರು. "ಕೊಡುವುದಾದರೆ ಕೊಡಿ. ಅದಕ್ಕೆ ಮೊದಲು ಇವಳ ಹತ್ತಿರ ಅಳತೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು ಅಲ್ವಾ? ಒಂದು ದಿನದ ಕೆಲಸ ಮಾರಾಯ್ರೆ."

ವ್ಯಾಪಾರ ಬಲ್ಲವನು ಎನಿಸಿಕೊಂಡ ನನಗೆ ಆ ಒಂದು ದಿನ ಹೊಳೆದಿರಲಿಲ್ಲ.

ಅನ್ವಿತಾ ಸ್ವಲ್ಪಸ್ವಲ್ಪವೇ ತೂತು ದೊಡ್ಡದು ಮಾಡುತ್ತಾ ಹೋದಳು. ಇನ್ನೂ ಮೂರು ಶೀಟ್ ಹೋದ ಮೇಲೆ ಸುರುಳಿ ಪೈಪಿಗೆ ಸರಿಯಾಗಿ ಕೂತಿತು. ಅದರ ಅಳತೆಯಲ್ಲೇ ತೆಳ್ಳನೆಯ ಮಾದರಿ ತಗಡೊಂದನ್ನು ಕತ್ತರಿಸಿಕೊಂಡು, ಕೆಲಸ ಕಾರ್ಕಳಕ್ಕೆ ಹೋದ ಭಾನುವಾರ ನಾನೊಬ್ಬನೇ ಕಾಪುವಿಗೆ ಹೋದೆ.

ಲಿಗೋರಿ ತೂತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಸರಿ ಉಂಟು. ನನ್ನದಕ್ಕಿಂತ ನುಣುಪು." ತಿರುಗಿ ನನ್ನ ಕೈಗೇ ಕೊಟ್ಟರು. "ಮೂರನೆಯದಕ್ಕೇ ತೂಗಿಸಿ."

ಮರುದಿನ ಮೊಳೆ, ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತೆ. ಬಣ್ಣ ಚೆನ್ನಾಗಿ ಕೂತಿತ್ತು. ಮೂರನೆಯದು ಎಲ್ಲಿತ್ತೆಂದು ತಿಳಿಯಲಿಲ್ಲ.