ತೊಲೆಯ ಸದ್ದು

ಯಾರೂ ಬಡಿದಿರಲಿಲ್ಲ. ಆದರೂ ಹೆಡ್‌ಫೋನಿನಲ್ಲಿ ‘ಡುಮ್’ ಎಂದಿತು.

ಮೇಘಶ್ರೀ ಕೋಲುಗಳನ್ನು ಮಡಿಲಿಗೆ ಹಾಕಿಕೊಂಡು ಕಾದಳು. ಸ್ವಲ್ಪ ಹೊತ್ತಿಗೆ ಮತ್ತೆ ‘ಡುಮ್’.

“ಅಮ್ಮ, ಈ ಬೋರ್ಡೂ ಕೈ ಕೊಡ್ತು ಅನ್ಸುತ್ತೆ.”

“ಮೊನ್ನೆ ತಾನೆ ತಂದಿದ್ದು ಕಣೆ,” ಎಂದಳು ಸ್ನೇಹಲತಾ, ಪಡಸಾಲೆಯ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ.

ಶನಿವಾರ ಹಾಸನದ ಕಾಲೇಜಿನಲ್ಲಿ ಬ್ಯಾಂಡಿಗೆ ಡ್ರಮ್ ಬಾರಿಸುವವರ ಆಯ್ಕೆಯಿತ್ತು. ಹಳ್ಳಿಮೈಸೂರಿನ ಈ ಮನೆಗೆ ಸ್ನೇಹಲತಾಳ ನಾದಿನಿ ಧನ್ಯಾ ಬಾಣಂತನಕ್ಕೆ ಬಂದಾಗಲೇ ಮೇಘಶ್ರೀಯ ಡ್ರಮ್ ಅಟ್ಟ ಸೇರಿತ್ತು. ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಹುಡುಗಿ ಸದ್ದಿಲ್ಲದ ಡ್ರಮ್ ಮಾಡಲು ಕೂತಳು. ಹಳೆಯ ಸ್ಟೀಲ್ ತಟ್ಟೆಗಳ ಮೇಲೆ ರಬ್ಬರ್ ಚಾಪೆ, ಅಡಿಯಲ್ಲಿ ನಾಣ್ಯದಂಥ ಬಿಲ್ಲೆ. ಪೆಟ್ಟು ಬಿದ್ದರೆ ಬಿಲ್ಲೆಯಲ್ಲಿ ಕರೆಂಟ್ ಹುಟ್ಟುತ್ತದೆ, ಬೋರ್ಡು ಅದನ್ನು ಅಳೆದು ಲ್ಯಾಪ್‌ಟಾಪಿಗೆ ಹೇಳುತ್ತದೆ, ಸದ್ದು ಹೆಡ್‌ಫೋನಿನಲ್ಲಿ ಮಾತ್ರ.

ಮೊದಲು ಗೆಳತಿಯಿಂದ ಕೇಳಿ ತಂದ ಬೋರ್ಡನ್ನು ಲ್ಯಾಪ್‌ಟಾಪ್ ವಾದ್ಯವೆಂದು ಒಪ್ಪಲೇ ಇಲ್ಲ. ಏನೇನೋ ಸುತ್ತುದಾರಿ ಹಿಡಿದರೆ, ಕೋಲು ಎತ್ತಿದ ಮೇಲೆ ಸದ್ದು ಬರುತ್ತಿತ್ತು. ಅದಕ್ಕೇ ಈ ಬೆರಳುದ್ದದ್ದನ್ನು ಆರಿಸಿದ್ದು. ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಗುರುತು ಹಿಡಿಯಿತು. ಆದರೆ ಪೆಟ್ಟಿನ ಜೋರು ಅಳೆಯುವ ಪಿನ್ನುಗಳು ಅದಕ್ಕೆ ಮೂರೇ.

“ಮೂರೇ ಕಿವಿ ಅಮ್ಮ ಇದಕ್ಕೆ. ಕಾಲಿನ ಡ್ರಮ್ಮಿಗೆ ಹಳೇ ಕಾಲಿಂಗ್ ಬೆಲ್ ಸ್ವಿಚ್ ಸಾಕು,” ಎಂದಿದ್ದಳು.

ಮೊದಲ ದಿನ ತಟ್ಟೆಗಳನ್ನು ನೆಲದ ಮೇಲಿಟ್ಟು ಬಾರಿಸಿದಾಗ ದಡದಡ ನೆಲದೊಳಗೇ ಹರಿದು ಕೋಣೆಯ ಕೂಸು ಎದ್ದಿತ್ತು. ಅಜ್ಜಿ ಚಿಕ್ಕಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟು ಬಂದಿದ್ದಳು.

“ಇನ್ನೊಂದ್ಸಲ ಕೂಸು ಎದ್ರೆ ಇದೂ ಅಟ್ಟಕ್ಕೇ ಕಣವ್ವ. ಅಲ್ಲಾ, ಇಂಗೆ ಕಿವಿ ಮುಚ್ಕಂಡು ಕೂತ್ರೆ, ಧನ್ಯ ನೀರಾಕ್ಕಳಾಕೆ ಓದಾಗ ಕೂಸು ಅತ್ರೆ ನಿಂಗೆ ಕೇಳ್ಸದೆಂಗೆ?”

ಎರಡನೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲನೆಯದಕ್ಕೆ ಮೇಘಶ್ರೀ ದಾರಿ ಹುಡುಕಿದಳು. ತಟ್ಟೆಗಳನ್ನು ಹಲಗೆಗೆ ಬಿಗಿದು, ಬಾವಿಹಗ್ಗದಲ್ಲಿ ತೊಲೆಗೆ ತೂಗುಹಾಕಿದಳು. ನೆಲ ಸುಮ್ಮನಾಯಿತು. ಈ ಭೂತದ ಪೆಟ್ಟು ಶುರುವಾಯಿತು.

ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ಏರಿಸಿದಳು. ಇಷ್ಟಕ್ಕಿಂತ ಸಣ್ಣ ಪೆಟ್ಟನ್ನು ಲೆಕ್ಕಕ್ಕೆ ತಗೋಬೇಡ ಎಂದು ಬೋರ್ಡಿಗೆ ಹೇಳುವ ಅಂಕಿ. ಭೂತ ಹೋಯಿತು. ಅದರ ಜೊತೆ ಅವಳ ಮೆಲ್ಲನೆಯ ಪೆಟ್ಟುಗಳೂ ಹೋದವು.

“ಮೆತ್ತಗಿಂದೇ ಇಲ್ದಿದ್ರೆ ಬರೀ ಗಲಾಟೆ ಅಮ್ಮ.” ಅಂಕಿ ಇಳಿಸಿದಳು. ‘ಡುಮ್’.

“ಕೊಡಿಲ್ಲಿ, ನೋಡನ.” ಸ್ನೇಹಲತಾ ಸೊಗಡಿನ ಕೈಯನ್ನು ಸೆರಗಿಗೆ ಒರೆಸಿ ಹೆಡ್‌ಫೋನ್ ಹಾಕಿಕೊಂಡಳು. ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಕಾದಳು. ಡುಮ್. ಬಿಡುವು. ಡುಮ್. ಬಿಡುವು ಪ್ರತಿಸಲವೂ ಒಂದೇ ಅಳತೆ. ಕೆಟ್ಟ ವಸ್ತು ಇಷ್ಟು ಲಯವಾಗಿ ಕೆಡುತ್ತದೆಯೇ? ಮಿಕ್ಸಿ ಓಡುತ್ತಿರಲಿಲ್ಲ. ಮೋಟರಿಗೆ ಕರೆಂಟಿರಲಿಲ್ಲ. ಅರೆತೆರೆದ ಬಾಗಿಲಾಚೆ ಅತ್ತೆಯ ಕೈ ಮಾತ್ರ ತೊಟ್ಟಿಲ ಹಗ್ಗ ಎಳೆಯುತ್ತಿತ್ತು.

ತೊಟ್ಟಿಲು ಈ ಕಡೆ ಬಂತು. ಡುಮ್.

“ಅತ್ತೆ, ಒಂದ್ಗಳಿಗೆ ತೂಗದ್ ನಿಲ್ಸಿ.”

“ಯಾಕವ್ವ? ಈಗಿನ್ನೂ ಕಣ್ ಮುಚ್ತಾ ಅವ್ನೆ.”

“ನಿಲ್ಸಿ ಅಂದ್ರೆ.”

ಕಿವಿಯಲ್ಲಿ ನಿಶ್ಶಬ್ದ.

“ಈಗ ತೂಗಿ.”

ಡುಮ್.

ತಾಯಿ ಮಗಳಿಬ್ಬರೂ ತಲೆಯೆತ್ತಿದರು. ಅದೇ ತೊಲೆ ಗೋಡೆ ದಾಟಿ ಕೋಣೆಯೊಳಕ್ಕೆ ಹೋಗಿತ್ತು. ಈ ತುದಿಗೆ ಹಲಗೆ, ಆ ತುದಿಗೆ ತೊಟ್ಟಿಲ ಸರಪಳಿ. ತೂಗಿದಾಗೆಲ್ಲ ಕೊಕ್ಕೆ ತೊಲೆಗೆ ತಾಕುತ್ತಿತ್ತು.

ಮೇಘಶ್ರೀ ಬಾಯಿಗೆ ಕೈಯಿಟ್ಟು ನಕ್ಕಳು. “ಬೋರ್ಡ್ ಚೆನ್ನಾಗೇ ಇದೆ! ಬಾರಿಸ್ತಿರೋದು ಅಜ್ಜಿ!”

“ನಾನಾ?” ಚಿಕ್ಕಲಕ್ಷ್ಮಮ್ಮ ಕೋಣೆಯಿಂದಲೇ ಪಿಸುಗುಟ್ಟಿದಳು. “ಅಂಗಾರೆ ಸನಿವಾರ ನನ್ನೇ ಕರ್ಕಂಡೋಗು ಆಸನಕ್ಕೆ. ನೀನ್ ಕೂತ್ಕಂಡು ಕೂಸು ತೂಗು.”

ಹಲಗೆ ಪಕ್ಕದ ತೊಲೆಗೆ ಹೋಯಿತು. ಅಂಕಿ ತಳದಲ್ಲಿದ್ದರೂ ಭೂತ ಬರಲಿಲ್ಲ. ಬೆರಳಿನಿಂದ ತಟ್ಟಿದರೂ ತಟ್ಟೆ ಉಲಿಯಿತು. ಬಾರಿಸಲು ಕೂರಬೇಕಾದವಳು ಕೋಣೆಯ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಮೂರನೆಯ ತಟ್ಟೆಯ ಬಿಲ್ಲೆಯನ್ನು ಮೆಲ್ಲಗೆ ಕಿತ್ತು, ಅದಕ್ಕೆ ಉದ್ದದ ತಂತಿ ಸೇರಿಸಿ, ಸ್ಟೂಲ್ ಹತ್ತಿ, ತೊಟ್ಟಿಲ ಕೊಕ್ಕೆಯ ಪಕ್ಕ ಅಂಟಿಸಿದಳು.

“ಮೂರನೇದು ಬೇಡ್ವೇನೆ ನಿಂಗೆ?” ಸ್ನೇಹಲತಾ ಸ್ಟೂಲ್ ಹಿಡಿದುಕೊಂಡೇ ಕೇಳಿದಳು.

“ಎರಡ್ರಲ್ಲೇ ಕಲೀತೀನಿ. ನೀನೊಂಚೂರು ತೊಟ್ಟಿಲು ಅಲ್ಲಾಡ್ಸಮ್ಮ. ಜೋರಾಗಲ್ಲ, ಕೂಸು ಕಾಲು ಒದ್ದಂಗೆ.”

ಸ್ನೇಹಲತಾ ಒಂದೇ ಬೆರಳು ತಾಕಿಸಿದಳು. ಮಗಳು ಆ ಬಿಲ್ಲೆಯ ಅಂಕಿಯನ್ನು ಇನ್ನಷ್ಟು ಇಳಿಸಿ, ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಧನ್ಯಾ ಬಚ್ಚಲಿನಲ್ಲಿದ್ದಳು, ಚಿಕ್ಕಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ. ಅಕ್ಕಿ ತೊಳೆಯುತ್ತಿದ್ದ ಸ್ನೇಹಲತಾಗೆ ಪಡಸಾಲೆಯ ಮಗಳು ಕಾಣುತ್ತಿದ್ದಳು. ಕಿವಿ ಮುಚ್ಚಿ, ಕಣ್ಣೂ ಮುಚ್ಚಿ ಬಾರಿಸುತ್ತಿದ್ದಳು. ಥಟ್ಟನೆ ಕೋಲುಗಳು ಗಾಳಿಯಲ್ಲೇ ನಿಂತವು. ಯಾರೂ ಕರೆದಿರಲಿಲ್ಲ. ಕೂಸು ಇನ್ನೂ ಅತ್ತಿರಲಿಲ್ಲ. ಅವಳು ಹೆಡ್‌ಫೋನನ್ನು ತಾನು ಕೂತಿದ್ದ ಚಾಪೆಯ ಮೇಲಿಟ್ಟು ಕೋಣೆಗೆ ನಡೆದಳು.

ಹಾಲಿನ ಚೊಂಬು ಹಿಡಿದು ಬಂದ ಚಿಕ್ಕಲಕ್ಷ್ಮಮ್ಮ ಕೋಣೆಯ ಕಡೆ ನೋಡಿದಳು, ಖಾಲಿ ಚಾಪೆಯ ಕಡೆ ನೋಡಿದಳು. ಚೊಂಬನ್ನು ಕೆಳಗಿಟ್ಟು, ಬಗ್ಗಿ, ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿಕೊಂಡಳು. ಒಳಗೆ ಮೊಮ್ಮಗಳು ತೊಟ್ಟಿಲು ತೂಗತೊಡಗಿದ್ದಳು. ಅಜ್ಜಿಯ ಇನ್ನೊಂದು ಕೈ ತೊಡೆಯ ಮೇಲೆ ಅದೇ ಲಯಕ್ಕೆ ಮೆಲ್ಲಗೆ ತಟ್ಟುತ್ತಿತ್ತು.