ಹದಿನೆಂಟನೆಯ ಹೆಂಗಸು

ತರಗತಿಯಲ್ಲಿ ಅವಳನ್ನು ಎಲ್ಲರೂ ಪಟಪಟಿ ಅಂತಲೇ ಕರೆಯುತ್ತಿದ್ದರು. ಬಾಯಿ ತೆಗೆದರೆ ಬ್ರೇಕೇ ಇಲ್ಲದ ಹುಡುಗಿ. ವಿಶ್ವವಿದ್ಯಾಲಯದ ಜನಾರೋಗ್ಯ ವಿಭಾಗದಲ್ಲಿ ಸ್ನಾತಕೋತ್ತರ ಪದವಿಯ ಎರಡನೇ ವರ್ಷ. ಯಾವ ಕಾಯಿಲೆ ಯಾರಿಗೆ ಹೆಚ್ಚು, ಯಾಕೆ ಹೆಚ್ಚು ಎಂದು ಹುಡುಕುವ ಓದು ಅದು. ಭಾರ ಎತ್ತುವ ಕೆಲಸದ ಹೆಂಗಸರು ಒಳಗಿನ ತೊಂದರೆಗಳನ್ನು ಡಾಕ್ಟರಿಗೆ ಯಾಕೆ ಹೇಳಿಕೊಳ್ಳುವುದಿಲ್ಲ ಎಂಬುದು ಅವಳು ಆರಿಸಿಕೊಂಡ ವಿಷಯ. ಹದಿನೆಂಟು ಜನರನ್ನು ಮಾತಾಡಿಸಬೇಕಿತ್ತು. ಹದಿನೇಳು ಹೇಗೋ ಆಯಿತು. ಹದಿನೆಂಟನೆಯವಳು ಬರುತ್ತೇನೆ ಬರುತ್ತೇನೆ ಎಂದು ಎರಡು ಸಲ ಕೈಕೊಟ್ಟಳು, ಮೂರನೇ ಸಲ ಫೋನೇ ಎತ್ತಲಿಲ್ಲ. ವರದಿ ಕೊಡಲು ಉಳಿದದ್ದು ಹತ್ತು ದಿನ.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಚಿಕ್ಕಮ್ಮ. ಅಮ್ಮ ಹೋದಮೇಲೆ ಆರು ವರ್ಷದ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಬಂದವಳು ಈ ಚಿಕ್ಕಮ್ಮ. ವಿಶ್ವವಿದ್ಯಾಲಯದ ಪಕ್ಕದಲ್ಲೇ ಇರುವ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸ. ಮೆಷಿನ್ನಿನಿಂದ ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಎಳೆದು ಗಾಡಿಗೆ ತುಂಬಿ ತುಂಬಿ ಇಪ್ಪತ್ತೆರಡು ವರ್ಷ ಕಳೆದಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಬಟ್ಟೆ ಮಡಿಸುತ್ತಾ ಕೂತಿದ್ದವಳು ಒಂದೇ ಒಂದು ಸಲ ಸೀನಿದಳು. ಸೀನಿದವಳೇ ಎದ್ದು ಬಚ್ಚಲುಮನೆಗೆ ಹೋಗಿ, ಬಟ್ಟೆ ಬದಲಾಯಿಸಿ ಬಂದಳು.

"ಏನಾಯ್ತು ಚಿಕ್ಕಮ್ಮ?"

"ಏನಿಲ್ಲ ಬಿಡು."

ಪಟಪಟಿ ಬಿಡಲಿಲ್ಲ. ಹದಿನೇಳು ಜನರ ಬಾಯಿ ಬಿಡಿಸಿ ಪಳಗಿದ್ದಳಲ್ಲ. ಕೊನೆಗೆ ಚಿಕ್ಕಮ್ಮ ಮಡಿಸಿದ ಟವೆಲ್ಲನ್ನೇ ಮತ್ತೆ ಮಡಿಸುತ್ತಾ ಎಲ್ಲ ಹೇಳಿದಳು. ನಾಲ್ಕು ವರ್ಷದಿಂದ ಹೀಗೆ. ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಬಟ್ಟೆ ಮಡಚಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳೆ. ವಾಸನೆ ಬಂದೀತೆಂದು ಊಟಕ್ಕೆ ಯಾರ ಪಕ್ಕವೂ ಕೂರುವುದಿಲ್ಲ. ಜಂಬ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

"ಮೆಷಿನ್ ಸೋರಿದ್ರೆ ಮೆಕ್ಯಾನಿಕ್ ಓಡಿ ಬರ್ತಾನೆ. ನಾನು ಸೋರಿದ್ರೆ ಯಾರನ್ನ ಕರೀಲಿ ಹೇಳು," ಎಂದು ನಕ್ಕಳು. ಆಮೇಲೆ, "ಯಾರ ಹತ್ರಾನೂ ಬಾಯಿ ಬಿಡಬೇಡ ಪುಟ್ಟಿ," ಎಂದಳು.

ಪಟಪಟಿ ತನ್ನ ಕೋಣೆಗೆ ಹೋಗಿ ಹದಿನೆಂಟನೆಯವಳ ಮಾತು ಎಂದು ಒಂದಕ್ಷರ ಬಿಡದೆ ಬರೆದುಕೊಂಡಳು. ಮಾತಾಡಿಸಿದ ಪ್ರತಿಯೊಬ್ಬರಿಂದಲೂ ಪಡೆಯಬೇಕಾದ ಒಪ್ಪಿಗೆ ಪತ್ರದ ಕೆಳಗೆ ಚಿಕ್ಕಮ್ಮನ ಸಹಿಯನ್ನೂ ತಾನೇ ಹಾಕಿದಳು. ಶಾಲೆಯ ಪ್ರೋಗ್ರೆಸ್ ಕಾರ್ಡುಗಳ ಮೇಲೆ ಹತ್ತು ವರ್ಷ ನೋಡಿದ ಸಹಿ, ಸಲೀಸಾಗಿ ಬಂತು. ವರದಿಯಲ್ಲಿ ಹೆಸರು ಹಾಕುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಪ್ರೊಫೆಸರ್ ಮೇಡಂಗೆ ಆ ಮೆಷಿನ್ನಿನ ಮಾತು ತುಂಬಾ ಹಿಡಿಸಿತು. "ಇಡೀ ಅಧ್ಯಯನದ ಜೀವ ಇದೇ ಕಣಮ್ಮ," ಎಂದರು. ವರದಿಯ ಮಂಡನೆಗೆ ಆಸ್ಪತ್ರೆಯ ಕೆಲಸಗಾರರನ್ನೂ ಕರೆಸಿದರು. ಕೆಲಸಗಾರರ ಬಗ್ಗೆ ಮಾತಾಡುವಾಗ ಅವರೇ ಇಲ್ಲದಿದ್ದರೆ ಹೇಗೆ ಎಂಬುದು ಮೇಡಂ ಲೆಕ್ಕ.

ಅಂದು ಬೆಳಿಗ್ಗೆ ಚಿಕ್ಕಮ್ಮ ಕನ್ನಡಿಯ ಮುಂದೆ ನಿಂತಿದ್ದಳು. "ನಮ್ಮ ಸೂಪರ್‌ವೈಸರು ಎಂಟು ಜನಾನ ಕರ್ಕೊಂಡು ಬರ್ತಿದ್ದಾರೆ. ನಮ್ಮ ಹುಡುಗಿ ಮಾತಾಡ್ತಾಳೆ ಅಂತ ಎಲ್ಲರಿಗೂ ಹೇಳಿದೀನಿ."

 ಚಿಕ್ಕಮ್ಮನ ಮಾತಿದ್ದ ಸ್ಲೈಡ್ ತೆಗೆದುಹಾಕಲು ಪಟಪಟಿಗೆ ಇನ್ನೂ ಮೂರು ಗಂಟೆ ಇತ್ತು. ತೆಗೆಯಲಿಲ್ಲ. ಚಿಕ್ಕಮ್ಮ ಎಲ್ಲಿಗೆ ಹೋದರೂ ಕನ್ನಡಕ ಮರೆಯುವವಳು. ಮರೆತೇ ಬರುತ್ತಾಳೆ, ಗೋಡೆಯ ಮೇಲಿನ ಅಕ್ಷರ ಕಾಣುವುದಿಲ್ಲ, ಬೇಗ ದಾಟಿಸಿಬಿಟ್ಟರಾಯಿತು ಎಂದುಕೊಂಡಳು.

ಸಭಾಂಗಣದಲ್ಲಿ ಚಿಕ್ಕಮ್ಮ ಮೂರನೇ ಸಾಲಿನಲ್ಲಿ, ಜೊತೆಯ ಹೆಂಗಸರ ನಡುವೆ ಕೂತಿದ್ದಳು. ಕನ್ನಡಕ ನಿಜಕ್ಕೂ ಇರಲಿಲ್ಲ. ಹದಿನೆಂಟನೆಯ ಹೆಂಗಸಿನ ಸ್ಲೈಡ್ ಬಂದಾಗ ಪಟಪಟಿ ಎರಡು ಮಾತು ಗೊಣಗಿ ಮುಂದಕ್ಕೆ ಒತ್ತಿದಳು.

"ನಿಲ್ಲಮ್ಮ," ಎಂದರು ಪ್ರೊಫೆಸರ್ ಮೇಡಂ. "ಎಲ್ಲರೂ ಕೇಳಬೇಕಾದ್ದೇ ಅದು. ಹಿಂದಕ್ಕೆ ಹೋಗು. ಜೋರಾಗಿ ಓದು."

ಓದಿದಳು. ವಯಸ್ಸು ಐವತ್ತೆರಡು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ಇಪ್ಪತ್ತೆರಡು ವರ್ಷದ ಸೇವೆ. ಊಟಕ್ಕೆ ಒಬ್ಬಳೇ ಕೂರುವುದು. ಮೆಷಿನ್, ಮೆಕ್ಯಾನಿಕ್. ಸಭೆ ಪ್ರೀತಿಯಿಂದಲೇ ನಕ್ಕಿತು. ಮೂರನೇ ಸಾಲು ಮಾತ್ರ ನಗಲಿಲ್ಲ. ಆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ಒಬ್ಬಳೇ. ಒಂದು ತಲೆ ತಿರುಗಿತು, ಇನ್ನೊಂದು ತಿರುಗಿತು, ಆಮೇಲೆ ಎಲ್ಲವೂ ಒಟ್ಟಿಗೆ ಬೇರೆ ಕಡೆ ನೋಡಿದವು. ಚಿಕ್ಕಮ್ಮ ಮಡಿಲಲ್ಲಿದ್ದ ಚೀಲದ ಹೊಲಿಗೆಯನ್ನು ಉಗುರಿನಿಂದ ಕೀಳುತ್ತಾ ಕೂತಿದ್ದಳು.  ಉಳಿದ ಸ್ಲೈಡುಗಳನ್ನು ಪಟಪಟಿ ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಚಪ್ಪಾಳೆ ಬಿತ್ತು. ಚಿಕ್ಕಮ್ಮನೂ ತಟ್ಟಿದಳು.

ಸಂಜೆ ಮನೆಯಲ್ಲಿ ಚಿಕ್ಕಮ್ಮ ತಟ್ಟೆ ಇಟ್ಟಳು, ಬಡಿಸಿದಳು, ಕೂತಳು. ಬೈಗುಳಕ್ಕೆ ಕಾದು ಕಾದು ಪಟಪಟಿಯೇ ಬಾಯಿಬಿಟ್ಟಳು. "ಹೆಸರು ಹಾಕಿರಲಿಲ್ಲ ಚಿಕ್ಕಮ್ಮ."

"ನಾನು ನಿನಗೆ ಹೇಳಿದ್ದು. ಯೂನಿವರ್ಸಿಟಿಗಲ್ಲ."

"ಕೇಳಿದ್ರೆ ಒಪ್ತಿದ್ಯಾ?"

"ಗೊತ್ತಿಲ್ಲ. ಕೇಳಲೇ ಇಲ್ವಲ್ಲ ನೀನು."

ಪಟಪಟಿಗೆ ಇನ್ನು ಬಚ್ಚಿಡಲಾಗಲಿಲ್ಲ. ಸಹಿಯ ವಿಷಯ ಹೇಳಿದಳು. "ಬೆಳಿಗ್ಗೇನೇ ತೆಗೀಬಹುದಿತ್ತು. ನೀನು ಕನ್ನಡಕ ಮರೆತು ಬರ್ತೀಯ, ಓದೋಕಾಗಲ್ಲ ಅಂದ್ಕೊಂಡೆ."

ಚಿಕ್ಕಮ್ಮ ತಲೆಯೆತ್ತಿ ಅವಳನ್ನು ನೋಡಿದಳು. "ಹಾಗಾದ್ರೆ ತಪ್ಪು ಅಂತ ಗೊತ್ತಿತ್ತು," ಎಂದಳು. ಅಷ್ಟೇ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಪಟಪಟಿ ಪ್ರೊಫೆಸರ್ ಮೇಡಂ ಎದುರು ನಿಂತು ಎಲ್ಲ ಹೇಳಿದಳು, ಈ ಸಲ ತಡವರಿಸಿ ತಡವರಿಸಿ. ಅವರು ಕನಿಕರ ತೋರಿಸಲಿಲ್ಲ. ವಿಷಯ ಸಂಶೋಧನೆಯ ನೀತಿನಿಯಮ ನೋಡಿಕೊಳ್ಳುವ ಸಮಿತಿಯ ಮುಂದೆ ಹೋಯಿತು. ಹದಿನೆಂಟನೆಯವಳ ಮಾತುಗಳನ್ನು ವರದಿಯಿಂದ ಅಳಿಸಿಹಾಕಿದರು, ಉಳಿದ ಹದಿನೇಳು ಒಪ್ಪಿಗೆ ಪತ್ರಗಳನ್ನೂ ಒಂದೊಂದಾಗಿ ಪರಿಶೀಲಿಸಿದರು, ಪದವಿ ಆರು ತಿಂಗಳು ಮುಂದಕ್ಕೆ ಹೋಯಿತು. ಸಹಪಾಠಿಗಳಲ್ಲಿ ಕೆಲವರು ಅಯ್ಯೋ ಇಷ್ಟಕ್ಕೇನಾ ಎಂದರು. ಆ ಮಾತು ಕೇಳಿ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು, ಮೊದಲು ತಾನೂ ಹಾಗೇ ಅಂದುಕೊಂಡಿದ್ದವಳೇ.

ಚಿಕ್ಕಮ್ಮ ತಾನೇ ಕೇಳಿಕೊಂಡು ಹರಿದ ಹೊದಿಕೆ ಹೊಲಿಯುವ ವಿಭಾಗಕ್ಕೆ ಬದಲಾದಳು. ಬೇರೆ ಕಟ್ಟಡ, ಬೇರೆ ಜನ. ಹಳೆಯ ಜೊತೆಗಾರರು ದಾರಿಯಲ್ಲಿ ಸಿಕ್ಕರೆ ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ ಮಾತಾಡಿಸುತ್ತಾರೆ. ಅವಳಿಗೆ ಅದನ್ನೇ ತಡೆಯಲಾಗುವುದಿಲ್ಲ.

ಡಾಕ್ಟರಿಗೂ ತೋರಿಸಿಕೊಂಡಳಂತೆ. ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಸ್ವಲ್ಪ ವಾಸಿಯಂತೆ. ಪಟಪಟಿಗೆ ಇದು ಗೊತ್ತಾದದ್ದು ಪಕ್ಕದ ಮನೆಯವರಿಂದ. ಅವರೇ ಜೊತೆಗೆ ಹೋಗಿ ಬರುತ್ತಾರೆ. ಯಾವ ದಿನ ಹೋಗುತ್ತಾರೆ, ಡಾಕ್ಟರು ಏನಂದರು ಎಂದು ಚಿಕ್ಕಮ್ಮ ಹೇಳುವುದಿಲ್ಲ. ಪಟಪಟಿಯೂ ಕೇಳುವುದಿಲ್ಲ.